ಪರದೇಶದ ಓದು ಮತ್ತು ವೀಸಾ ಎಂಬ ಹೊಸ್ತಿಲು

ಇಚಲಕರಂಜಿಯಲ್ಲಿ ಯಂತ್ರಮಗ್ಗದ ಸದ್ದು ಕೇಳದ ಓಣಿ ಅಪರೂಪ. 1904ರಲ್ಲಿ ಮೊದಲ ಯಂತ್ರಮಗ್ಗ ನಡೆದಂದಿನಿಂದ ಈ ಊರು ನೂಲನ್ನೇ ನಂಬಿ ಬೆಳೆದಿದೆ. ಅದನ್ನು ನಂಬಿ ರಬಕವಿ, ಬನಹಟ್ಟಿಗಳ ಕಡೆಯಿಂದ ಬಂದು ನೆಲೆಸಿದ ನಮ್ಮ ಜನವೂ ಇಲ್ಲಿ ಕಡಮೆಯಿಲ್ಲ. ಅಂಥದೊಂದು ಮನೆಯ ಯಜಮಾನರು 2025ರ ಮಳೆಗಾಲದಲ್ಲಿ ಒಂದು ಸಂಜೆ ನಮ್ಮ ಮನೆಗೆ ಬಂದರು. ಕೈಯಲ್ಲಿ ದಪ್ಪನೆಯ ಒಂದು ಫೈಲು, ಹಿಂದೆ ತಲೆ ತಗ್ಗಿಸಿಕೊಂಡು ಬಂದ ಮಗಳು.

“ಮಾಸ್ತರ, ಇದನ್ನೊಂದಿಷ್ಟು ಓದಿ ಹೇಳ್ರಿ. ಇಂಗ್ಲಿಷಿನ್ಯಾಗ ಏನೇನೋ ಬರದಾರ. ಹುಡಿಗಿ ಎರಡು ದಿವಸಾತು, ಸರಿಯಾಗಿ ಉಂಡಿಲ್ಲ” ಎಂದರು.

ಹುಡುಗಿ ಜವಳಿ ತಂತ್ರಜ್ಞಾನದಲ್ಲಿ ಪದವಿ ಪಡೆದವಳು. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಸಪ್ಟೆಂಬರ್ ತಿಂಗಳಿನಿಂದ ಒಂದು ವರ್ಷದ ಸ್ನಾತಕೋತ್ತರ ಅಭ್ಯಾಸಕ್ಕೆ ಅವಳಿಗೆ ಸ್ಥಳ ದೊರೆತಿತ್ತು. ಫೀಯ ಮುಂಗಡವನ್ನು ಕಟ್ಟಿಯಾಗಿತ್ತು. ನಾನು ಓದಿದ ಕಾಗದ ವೀಸಾ ತಿರಸ್ಕೃತವಾದುದರ ತಿಳಿವಳಿಕೆ ಪತ್ರ. ಕಾರಣ ಒಂದೇ ಒಂದು: ತೋರಿಸಿದ ಹಣ ವಿದ್ಯಾರ್ಥಿನಿಯದೂ ಅಲ್ಲ, ಅವಳ ತಂದೆ-ತಾಯಿಯರದೂ ಅಲ್ಲ. ಹಣವಿದ್ದದ್ದು ಅವಳ ಕಾಕಾನ ಖಾತೆಯಲ್ಲಿ.

“ಕಾಕಾ ಅಂದ್ರ ಬ್ಯಾರೆ ಏನ್ರಿ? ಒಂದ ಮನಿ, ಒಂದ ಒಲಿ” ಎಂದು ಆ ತಂದೆ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಕೂಡುಕುಟುಂಬದ ಲೆಕ್ಕ ಬೇರೆ, ಪರದೇಶದ ಕಾಯದೆಯ ಲೆಕ್ಕ ಬೇರೆ. ಈ ಎರಡು ಲೆಕ್ಕಗಳ ನಡುವೆ ನಮ್ಮ ಮಕ್ಕಳ ವರ್ಷಗಳು ಕಳೆದುಹೋಗಬಾರದೆಂಬ ಉದ್ದೇಶದಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ನಮ್ಮ ನೆಲದಿಂದ ಹೋದವರು

ಕಡಲಾಚೆಯ ಓದು ಈ ಭಾಗಕ್ಕೆ ಹೊಸದೇನಲ್ಲ. ಕೊಲ್ಹಾಪುರದ ತರುಣ ಅರಸ ರಾಜಾರಾಮ ಮಹಾರಾಜರು 1870ರಲ್ಲಿ ಇಂಗ್ಲೆಂಡನ್ನು ಕಂಡು ಹಿಂದಿರುಗುವಾಗ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ನವೆಂಬರ್ 30ರಂದು ತೀರಿಕೊಂಡರು. ಆಗ ಅವರಿಗೆ ಕೇವಲ 20 ವರ್ಷ. ಆರ್ನೊ ನದಿಯ ಸಂಗಮದ ದಂಡೆಯ ಮೇಲೆ ಹಿಂದೂ ಪದ್ಧತಿಯಂತೆ ಅವರ ದಹನ ನಡೆಯಿತು. 1874ರಲ್ಲಿ ಅಲ್ಲಿ ನಿಂತ ಅವರ ಸ್ಮಾರಕ ಇಂದಿಗೂ ಇದೆ. ಇಚಲಕರಂಜಿಯ ಜಹಾಗೀರದಾರರಾದ ನಾರಾಯಣರಾವ ಬಾಬಾಸಾಹೇಬ ಘೋರ್ಪಡೆಯವರು 1913ರಲ್ಲಿ ಯುರೋಪಿನ ಪ್ರವಾಸ ಮಾಡಿ, ಬ್ರಿಟಿಷರ ಜೀವನಕ್ರಮವನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು. ಅದು 1914ರಲ್ಲಿ ಅಚ್ಚಾಯಿತು.

ಇವರು ಅರಸುಮನೆತನದವರು, ಇವರ ದಾರಿ ಸುಗಮವಾಗಿತ್ತು. ಬಡವರ ಮನೆಯ ಮಗನೊಬ್ಬ ಹೋದ ಕತೆ ನಮಗೆ ಹೆಚ್ಚು ಹತ್ತಿರದ್ದು. ಅದರ ಒಂದು ಮುಖ್ಯ ಘಟ್ಟ ನಡೆದದ್ದು ಇಚಲಕರಂಜಿಯ ನೆರೆಯಲ್ಲಿ, ನಮ್ಮ ಹಾತಕಣಂಗಲೆ ತಾಲೂಕಿನ ಮಾಣಗಾಂವದಲ್ಲಿ. 1920ರ ಮಾರ್ಚ್ 21 ಮತ್ತು 22ರಂದು ಅಲ್ಲಿ ನಡೆದ ಪರಿಷತ್ತಿಗೆ ಡಾ. ಭೀಮರಾವ ಅಂಬೇಡಕರರು ಅಧ್ಯಕ್ಷರು. ಕೊಲ್ಹಾಪುರದ ಛತ್ರಪತಿ ಶಾಹು ಮಹಾರಾಜರು ಅದಕ್ಕೆ ಬಂದು ಅವರನ್ನು ಹರಸಿದರು. ಅಂಬೇಡಕರರು ಅದಕ್ಕೆ ಮೊದಲು 1913ರಲ್ಲಿ ಬಡೋದೆ ಸಂಸ್ಥಾನದ ಶಿಷ್ಯವೃತ್ತಿಯ ಮೇಲೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿದ್ದರು. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷದ ಅವಧಿ, ಮರಳಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ: ಇದು ಅಂದಿನ ಕರಾರು. ಲಂಡನ್ನಿನಲ್ಲಿ ಅವರು ಆರಂಭಿಸಿದ್ದ ಅಭ್ಯಾಸ 1917ರಲ್ಲಿ ಅರ್ಧಕ್ಕೆ ನಿಂತಿತ್ತು. ಸಿಡನಹ್ಯಾಮ್ ಕಾಲೇಜಿನ ಪ್ರಾಧ್ಯಾಪಕ ವೃತ್ತಿಯಲ್ಲಿ ಉಳಿಸಿದ ಹಣ, ಗೆಳೆಯ ನವಲ ಭಥೇನಾ ಅವರು ಕೊಟ್ಟ ಸಾಲ, ಶಾಹು ಮಹಾರಾಜರ ನೆರವು ಈ ಮೂರನ್ನೂ ಕೂಡಿಸಿಕೊಂಡು 1920ರ ಜುಲೈಯಲ್ಲಿ ಅವರು ಮತ್ತೆ ಹಡಗು ಹತ್ತಿದರು. ಶಾಹು ಮಹಾರಾಜರು 1922ರ ಮೇ 6ರಂದು ತೀರಿಕೊಂಡರು. ಲಂಡನ್ ವಿಶ್ವವಿದ್ಯಾಲಯದ ಡಿ.ಎಸ್‌ಸಿ. ಪದವಿ ಅಂಬೇಡಕರರಿಗೆ ದೊರೆತದ್ದು 1923ರಲ್ಲಿ. ನೆರವು ಕೊಟ್ಟವರು ಫಲವನ್ನು ಕಾಣಲಿಲ್ಲ.

ನಮ್ಮ ನುಡಿಯವರಲ್ಲಿಯೂ ಇಂಥ ಉದಾಹರಣೆಗಳುಂಟು. ಗೋಕಾಕ ತಾಲೂಕಿನ ಮಮದಾಪುರದ ಡಿ. ಸಿ. ಪಾವಟೆಯವರು ಕೇಂಬ್ರಿಜ್ಜಿಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಎನಿಸಿಕೊಂಡು ಬಂದರು. ಮುಂದೆ ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿ ಬೆಳೆಸಿದರು. ಸವಣೂರಿನ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದರು. ಆ ಯಾನದಿಂದ ಕನ್ನಡಕ್ಕೆ ‘ಸಮುದ್ರ ಗೀತೆಗಳು’ ದೊರೆತವು. ಅದೇ ಗೋಕಾಕರು ಕೆಲಕಾಲ ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯರಾಗಿದ್ದರೆಂಬುದನ್ನು ಇಲ್ಲಿಯ ಕನ್ನಡಿಗರು ಹೆಮ್ಮೆಯಿಂದ ನೆನೆಯಬಹುದು.

ರಹದಾರಿಯ ಕಾಲ

ಆ ಹಿಂದಿನವರಿಗೆ ವೀಸಾದ ಕಾಟವಿತ್ತೆ? ಮೊದಲನೆಯ ಮಹಾಯುದ್ಧಕ್ಕೆ ಮುನ್ನ ಬಹುಮಟ್ಟಿಗೆ ಇರಲಿಲ್ಲ. ಹಡಗಿನ ಟಿಕೆಟ್ಟಿಗೆ ಹಣವಿದ್ದವನು ಹೋಗಬಹುದಾಗಿತ್ತು. ಸಮುದ್ರೋಲ್ಲಂಘನ ಮಾಡಿದವನು ಮರಳಿದಾಗ ಪ್ರಾಯಶ್ಚಿತ್ತ ಕೇಳುತ್ತಿದ್ದ ಜಾತಿಪಂಚಾಯತಿಯೇ ಅಂದಿನ ದೊಡ್ಡ ತೊಡಕು. ಯುದ್ಧ ಬಂದಮೇಲೆ ದೇಶದೇಶಗಳು ತಮ್ಮ ಬಾಗಿಲುಗಳಿಗೆ ಕಾವಲಿಟ್ಟವು. ನಮ್ಮಲ್ಲಿ ಪಾಸ್‌ಪೋರ್ಟಿನ ಮೊದಲ ಕಾಯದೆ ಬಂದದ್ದು 1920ರಲ್ಲಿ. ಸ್ವಾತಂತ್ರ್ಯದ ನಂತರವೂ ಪಾಸ್‌ಪೋರ್ಟು ಕೊಡುವುದು ಬಿಡುವುದು ಸರಕಾರದ ಮರ್ಜಿಯಾಗಿಯೇ ಇತ್ತು. ಪರದೇಶ ಪ್ರಯಾಣವೂ ವ್ಯಕ್ತಿಸ್ವಾತಂತ್ರ್ಯದ ಅಂಗವೆಂದು ಸುಪ್ರೀಮ್ ಕೋರ್ಟು 1967ರಲ್ಲಿ ತೀರ್ಪಿತ್ತ ಬಳಿಕ, ಅದೇ ವರ್ಷ ಈಗಿನ ಪಾಸ್‌ಪೋರ್ಟ್ ಕಾಯದೆ ಜಾರಿಗೆ ಬಂದಿತು.

ಹಣದ ಕಟ್ಟುನಿಟ್ಟು ಇನ್ನೂ ಹೆಚ್ಚಿನದಾಗಿತ್ತು. ಅರುವತ್ತು-ಎಪ್ಪತ್ತರ ದಶಕಗಳಲ್ಲಿ ಹೊರಗೆ ಹೋಗುವವರು ರಿಜರ್ವ್ ಬ್ಯಾಂಕಿನ ‘ಪಿ ಫಾರ್ಮ್’ ತುಂಬಿ ಒಪ್ಪಿಗೆ ಪಡೆಯಬೇಕಿತ್ತು. ಕೈಯಲ್ಲಿ ಒಯ್ಯಲು ಸಿಗುತ್ತಿದ್ದ ಡಾಲರುಗಳನ್ನು ಬೆರಳಿನ ಮೇಲೆ ಎಣಿಸಬಹುದಾಗಿತ್ತು. ಇಂದು ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರುಗಳವರೆಗೆ ಹೊರಗೆ ಕಳಿಸಬಹುದು. ನಮ್ಮ ಸರಕಾರದ ಬಾಗಿಲು ಹೀಗೆ ಅಗಲವಾಗುತ್ತ ಬಂದಂತೆ ಎದುರಿನ ದೇಶಗಳ ಬಾಗಿಲು ಕಿರಿದಾಗುತ್ತ ಬಂದಿದೆ. ಪಾಸ್‌ಪೋರ್ಟು ನಮ್ಮ ಸರಕಾರ ಕೊಡುವ ರಹದಾರಿ. ವೀಸಾ ಎಂಬುದು ಇನ್ನೊಂದು ಸರಕಾರ ಕೊಡುವ ಪ್ರವೇಶಾನುಮತಿ. ಮೊದಲನೆಯದನ್ನು ಹಕ್ಕಿನಿಂದ ಕೇಳಬಹುದು. ಎರಡನೆಯದನ್ನು ಅವರ ನಿಯಮಗಳಿಗೆ ಒಪ್ಪುವಂತೆ ಕೇಳಬೇಕು.

ಮೊದಲ ತೊಡಕು: ಹೆಸರು

ಪಾಸ್‌ಪೋರ್ಟಿಗಾಗಿ ಈಗ ಪುಣೆಗೆ ಅಲೆಯಬೇಕಾದ ಪ್ರಮೇಯ ಕಡಮೆಯಾಗಿದೆ. ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ 2017ರ ಜನವರಿಯಲ್ಲಿ ಮೈಸೂರು ಮತ್ತು ಗುಜರಾತದ ದಾಹೋದದಿಂದ ಆರಂಭವಾಯಿತು. ಕೊಲ್ಹಾಪುರಕ್ಕೂ ಬೆಳಗಾವಿಗೂ ಬಂದಿತು. ಆದರೆ ಗಡಿಭಾಗದ ನಮ್ಮ ಮನೆಗಳಿಗೆ ಒಂದು ವಿಶೇಷ ತೊಡಕಿದೆ. ನಮ್ಮ ಹೆಸರುಗಳು ಎರಡು ರಾಜ್ಯಗಳ ಎರಡು ಪದ್ಧತಿಗಳಲ್ಲಿ ಬರೆಯಲ್ಪಟ್ಟಿರುತ್ತವೆ.

ಮಹಾರಾಷ್ಟ್ರದಲ್ಲಿ ಅಡ್ಡಹೆಸರು ಮೊದಲು, ತನ್ನ ಹೆಸರು ಆಮೇಲೆ, ತಂದೆಯ ಹೆಸರು ಕೊನೆಗೆ. ಗಡಿಯಾಚೆಗೆ ಎಷ್ಟೋ ದಾಖಲೆಗಳಲ್ಲಿ ಅಡ್ಡಹೆಸರೇ ಇರುವುದಿಲ್ಲ, ಒಂದೆರಡು ಇನಿಶಿಯಲ್‌ಗಳಿರುತ್ತವೆ. ಅಜ್ಜಿಯ ಮನೆಯಲ್ಲಿ ಹುಟ್ಟಿದ ಮಗುವಿನ ಜನನ ದಾಖಲೆ ಚಿಕ್ಕೋಡಿ ತಾಲೂಕಿನಲ್ಲಿ ಕನ್ನಡದಲ್ಲಿ, ಶಾಲೆ ಬಿಟ್ಟ ದಾಖಲೆ ಗಡಹಿಂಗ್ಲಜದಲ್ಲಿ ಮರಾಠಿಯಲ್ಲಿ, ಪದವಿಪತ್ರ ಇಂಗ್ಲಿಷಿನಲ್ಲಿ. ಒಂದೆಡೆ ‘ಬಸವರಾಜ’ನಾದವನು ಮತ್ತೊಂದೆಡೆ ‘ಬಸ್ವರಾಜ’, ಮೂರನೆಯ ಕಡೆ ‘ಬಸಪ್ಪಾ’. ಮನೆಯವರಿಗೆ ಇವನೆಲ್ಲ ಒಬ್ಬನೇ. ಕಾಗದ ನೋಡುವ ಅಧಿಕಾರಿಗೆ ಇವರು ಮೂವರು.

ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಸ್ಥಳ ಖಾಲಿಯಿದ್ದರೆ ಅಮೇರಿಕೆಯ ವೀಸಾದಲ್ಲಿ ಇದ್ದ ಹೆಸರನ್ನೇ ಅಡ್ಡಹೆಸರಾಗಿ ಮಾಡಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್.ಎನ್.ಯು.’ ಎಂದು ಬರೆಯುತ್ತಾರೆ. ಹೆಸರು ಗೊತ್ತಿಲ್ಲ ಎಂಬುದು ಅದರ ಅರ್ಥ. ಅಲ್ಲಿಯ ಬ್ಯಾಂಕು, ಕಾಲೇಜು, ವಾಹನ ಪರವಾನಗಿ ಎಲ್ಲದರಲ್ಲಿಯೂ ಆ ಮೂರಕ್ಷರ ಬೆನ್ನು ಹತ್ತುತ್ತದೆ. ಆದುದರಿಂದ ಮಗು ಹತ್ತನೆಯ ತರಗತಿಯ ಪರೀಕ್ಷೆಗೆ ಕೂಡುವ ಮೊದಲೇ ತಾಯಿತಂದೆಯರು ಎಲ್ಲ ದಾಖಲೆಗಳನ್ನೂ ಮುಂದಿಟ್ಟುಕೊಂಡು ಒಂದೇ ಹೆಸರು, ಒಂದೇ ಕಾಗುಣಿತ ಇದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಪ್ರತಿಜ್ಞಾಪತ್ರ, ಗೆಜೆಟ್ ಪ್ರಕಟಣೆ ಇವುಗಳಿಂದ ಸರಿಪಡಿಸಬೇಕು. ಇಂಗ್ಲಿಷಿನಲ್ಲಿಲ್ಲದ ದಾಖಲೆಗೆ ಪ್ರಮಾಣಿತ ಅನುವಾದ ಬೇಕು. ತಂದೆಯ ಹೆಸರೂ ಇದರಲ್ಲಿ ಸೇರಿತು. ಹಣ ತಂದೆಯ ಖಾತೆಯದಾದಾಗ ಆತನೇ ತಂದೆಯೆಂದು ಸಿದ್ಧಪಡಿಸುವುದು ಮುಖ್ಯವಾಗಿ ಜನನ ದಾಖಲೆ.

ಎರಡನೆಯದು: ಹಣ

ಪ್ರತಿಯೊಂದು ದೇಶವೂ ಕೇಳುವ ಮುಖ್ಯ ಪ್ರಶ್ನೆ ಒಂದೇ: ಇಲ್ಲಿ ಬಂದಮೇಲೆ ನಿನ್ನ ಊಟ-ವಸತಿಯ ಗತಿ ಏನು? ಅದಕ್ಕೆ ಉತ್ತರ ಕೇಳುವ ಬಗೆ ಮಾತ್ರ ಒಂದೊಂದು ದೇಶದಲ್ಲಿ ಒಂದೊಂದು.

ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯ ಕೊಡುವ ‘ಕ್ಯಾಸ್’ ಎಂಬ ಸಂಖ್ಯೆ ಮೊದಲು ಬೇಕು. ಮೊದಲ ವರ್ಷದ ಫೀಯಲ್ಲಿ ಉಳಿದ ಬಾಕಿ, ಅದರ ಮೇಲೆ ಒಂಬತ್ತು ತಿಂಗಳವರೆಗಿನ ಜೀವನವೆಚ್ಚ, ಇಷ್ಟು ಹಣ ಒಂದು ದಿನವೂ ಕೆಳಗಿಳಿಯದಂತೆ ಎಡೆಬಿಡದೆ 28 ದಿವಸ ಖಾತೆಯಲ್ಲಿರಬೇಕು. 28ನೆಯ ದಿನಕ್ಕೂ ಅರ್ಜಿಯ ದಿನಕ್ಕೂ ನಡುವೆ 31 ದಿನಗಳಿಗಿಂತ ಹೆಚ್ಚು ಅಂತರವಿರಕೂಡದು. ಜೀವನವೆಚ್ಚವನ್ನು 2025ರ ನವೆಂಬರ್ 11ರಿಂದ ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡು, ಹೊರಗಿನ ಊರುಗಳಲ್ಲಿ 1,171 ಪೌಂಡು ಎಂದು ನಿಗದಿಪಡಿಸಿದ್ದಾರೆ. ಖಾತೆ ವಿದ್ಯಾರ್ಥಿಯದಿರಬೇಕು, ಇಲ್ಲವೇ ತಂದೆ ಅಥವಾ ತಾಯಿಯದಿರಬೇಕು. ತಾಯಿತಂದೆಯರದಾದರೆ ಅವರ ಒಪ್ಪಿಗೆಪತ್ರ ಮತ್ತು ಜನನ ದಾಖಲೆ ಬೇಕು. ಮಾನ್ಯ ಸಂಸ್ಥೆಯ ಶಿಕ್ಷಣ ಸಾಲವೂ ನಡೆಯುತ್ತದೆ. ಕಾಕಾ, ಮಾಮಾ, ಅಣ್ಣ, ಅಜ್ಜ ಇವರಾರಿಗೂ ಆ ಪಟ್ಟಿಯಲ್ಲಿ ಸ್ಥಳವಿಲ್ಲ. ಆರು ತಿಂಗಳಿಗೂ ಹೆಚ್ಚು ಕಾಲ ಇರುವವರು ಗೊತ್ತುಪಡಿಸಿದ ದವಾಖಾನೆಯಲ್ಲಿ ಕ್ಷಯರೋಗದ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು. ಸ್ನಾತಕೋತ್ತರ ತರಗತಿಗೆ ಹೋಗುವವರು ಸಂಸಾರವನ್ನು ಜತೆಗೆ ಒಯ್ಯುವ ಸೌಲಭ್ಯ, ಸಂಶೋಧನೆಯ ಅಭ್ಯಾಸಕ್ರಮಗಳನ್ನು ಬಿಟ್ಟರೆ, 2024ರ ಜನವರಿ 1ರಿಂದ ಇಲ್ಲವಾಗಿದೆ.

ಜರ್ಮನಿಯ ಕ್ರಮ ಬೇರೆ. ಅಲ್ಲಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ಪ್ರಾಂತದಲ್ಲಿ ನಮ್ಮಂಥ ದೇಶದವರಿಗೆ ಅರ್ಧ ವರ್ಷಕ್ಕೆ 1,500 ಯುರೋ ಇದೆ. ಆದರೆ ಒಂದು ವರ್ಷದ ಜೀವನವೆಚ್ಚ 11,904 ಯುರೋಗಳನ್ನು ಮುಂಚಿತವಾಗಿಯೇ ಒಂದು ಬಂಧಿತ ಖಾತೆಯಲ್ಲಿ ಇಡಬೇಕು. ಅಲ್ಲಿ ಹೋದಮೇಲೆ ಅದರಿಂದ ತಿಂಗಳಿಗೆ 992 ಯುರೋ ಮಾತ್ರ ಬಿಡುಗಡೆಯಾಗುತ್ತದೆ. 2022ರ ನವೆಂಬರಿನಿಂದ ಭಾರತೀಯರು ತಮ್ಮ ಅಂಕಪಟ್ಟಿಗಳನ್ನು ದಿಲ್ಲಿಯ ‘ಎ.ಪಿ.ಎಸ್.’ ಕಚೇರಿಯಿಂದ ಪರಿಶೀಲಿಸಿಕೊಂಡ ಪ್ರಮಾಣಪತ್ರವನ್ನೂ ತೋರಿಸಬೇಕು.

ಕೆನಡಾ ಬಹುಕಾಲ ನಮ್ಮ ಮಕ್ಕಳಿಗೆ ಸುಲಭದ ದಾರಿಯಾಗಿತ್ತು. 2024ರ ಜನವರಿಯಲ್ಲಿ ಅದು ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿತು. ಬೇಗನೆ ತೀರ್ಮಾನ ಕೊಡುತ್ತಿದ್ದ ವಿಶೇಷ ಯೋಜನೆಯನ್ನು ಅದೇ ವರ್ಷದ ನವೆಂಬರ್ 8ರಂದು ನಿಲ್ಲಿಸಿತು. ಒಂಟಿ ವಿದ್ಯಾರ್ಥಿ ಫೀಯ ಹೊರತಾಗಿ ತೋರಿಸಬೇಕಾದ ಹಣ 2025ರ ಸಪ್ಟೆಂಬರಿನಿಂದ 22,895 ಕೆನಡಾ ಡಾಲರು. ಆಸ್ಟ್ರೇಲಿಯಾದಲ್ಲಿ ಆ ಮೊತ್ತ 2024ರ ಮೇ ತಿಂಗಳಿನಿಂದ 29,710 ಅಲ್ಲಿಯ ಡಾಲರು. ವೀಸಾದ ಅರ್ಜಿಗೇ 2025ರ ಜುಲೈಯಿಂದ 2,000 ಡಾಲರು ಶುಲ್ಕ.

ಈ ಅಂಕಿಗಳು ವರ್ಷವರ್ಷಕ್ಕೆ ಬದಲಾಗುತ್ತವೆ. ಅರ್ಜಿ ಹಾಕುವ ದಿನದ ಅಂಕಿಯನ್ನು ಆ ದೇಶದ ಸರಕಾರದ ಪ್ರಕಟಣೆಯಲ್ಲಿಯೇ ನೋಡಬೇಕು. ನೆರೆಮನೆಯ ಹುಡುಗ ಎರಡು ವರ್ಷದ ಹಿಂದೆ ಎಷ್ಟು ತೋರಿಸಿದನೆಂಬುದು ಲೆಕ್ಕಕ್ಕೆ ಬಾರದು. ಇನ್ನೊಂದು ಮಾತು. ಹಳೆಯ ಖಾತೆಯಲ್ಲಿ ಒಮ್ಮೆಲೆ ಬಂದು ಬೀಳುವ ಹತ್ತಿಪ್ಪತ್ತು ಲಕ್ಷ ರೂಪಾಯಿ ಯಾವ ಅಧಿಕಾರಿಯ ಕಣ್ಣನ್ನೂ ತಪ್ಪಿಸುವುದಿಲ್ಲ. ನಾಲ್ಕು ಜನರಿಂದ ಕೈಗಡ ತಂದು ಖಾತೆಯಲ್ಲಿ ಇಟ್ಟು, ವೀಸಾ ಬಂದ ಮರುದಿನ ಮರಳಿಸುವ ಪದ್ಧತಿ ನಮ್ಮಲ್ಲಿದೆ. ಹಾಗೆ ಹೋದ ಹುಡುಗನಿಗೆ ವೀಸಾ ದೊರೆತರೂ ಎರಡನೆಯ ತಿಂಗಳ ಊಟದ ಹಣ ದೊರೆಯುವುದಿಲ್ಲ.

ಮೂರನೆಯದು: ಮನಸ್ಸಿನ ಪರೀಕ್ಷೆ

ಅಮೇರಿಕೆಯ ಎಫ್-1 ವೀಸಾಕ್ಕೆ ವಿಶ್ವವಿದ್ಯಾಲಯದ ‘ಐ-20’ ಪತ್ರ ಬರಬೇಕು, 350 ಡಾಲರು ‘ಸೆವಿಸ್’ ಶುಲ್ಕ ಕಟ್ಟಬೇಕು, 185 ಡಾಲರು ಅರ್ಜಿಯ ಶುಲ್ಕ ಕಟ್ಟಬೇಕು, ಆಮೇಲೆ ಸಂದರ್ಶನ. ಮುಂಬಯಿಯ ದೂತಾವಾಸದ ಗಾಜಿನ ಕಿಂಡಿಯ ಮುಂದೆ ನಮ್ಮ ಹುಡುಗ ನಿಲ್ಲುವುದು ಬಹುಶಃ ಎರಡು ಮೂರು ನಿಮಿಷ. ಅಲ್ಲಿಯ ಕಾಯದೆಯ 214(ಬಿ) ಕಲಮಿನ ಪ್ರಕಾರ ಪ್ರತಿಯೊಬ್ಬ ಅರ್ಜಿದಾರನೂ ಅಲ್ಲಿಯೇ ನೆಲೆಸಲು ಬರುತ್ತಿದ್ದಾನೆಂದು ಅಧಿಕಾರಿ ಮೊದಲೇ ಭಾವಿಸಿರಬೇಕು. ಹಾಗಲ್ಲವೆಂದು ಮನವರಿಕೆ ಮಾಡಿಕೊಡುವ ಹೊಣೆ ವಿದ್ಯಾರ್ಥಿಯದು. ಈ ನಿಯಮ ಭಾರತೀಯರಿಗಷ್ಟೇ ಅಲ್ಲ, ವಿದ್ಯಾರ್ಥಿ ವೀಸಾ ಕೇಳುವ ಎಲ್ಲ ದೇಶದವರಿಗೂ ಅನ್ವಯಿಸುತ್ತದೆ. 2025ರ ಜೂನಿನಿಂದ ವಿದ್ಯಾರ್ಥಿಗಳು ಸಮಾಜಮಾಧ್ಯಮದ ತಮ್ಮ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂಬ ಸೂಚನೆಯೂ ಬಂದಿದೆ.

ನಮ್ಮ ಮಕ್ಕಳು ಇಲ್ಲಿ ಸೋಲುವುದು ಹೆಚ್ಚಾಗಿ ಇಂಗ್ಲಿಷಿನ ಕೊರತೆಯಿಂದಲ್ಲ. ಯಾರೋ ಬರೆದುಕೊಟ್ಟ ಉತ್ತರವನ್ನು ಗಿಳಿಪಾಠದಂತೆ ಒಪ್ಪಿಸುವುದರಿಂದ. ಈ ವಿಶ್ವವಿದ್ಯಾಲಯವೇ ಏಕೆ, ಈ ವಿಷಯವೇ ಏಕೆ, ಓದಿ ಬಂದು ಏನು ಮಾಡುವೆ ಎಂಬ ಪ್ರಶ್ನೆಗಳಿಗೆ ತನ್ನ ಬದುಕಿನಿಂದಲೇ ಉತ್ತರ ಕೊಡಬಲ್ಲವನು ತಡವರಿಸುವುದಿಲ್ಲ. “ನಮ್ಮ ಮನೆಯಲ್ಲಿ ಹನ್ನೆರಡು ಮಗ್ಗಗಳಿವೆ, ಅರಿವೆಗೆ ಬಣ್ಣ ಹಾಕಿ ಉಳಿದ ನೀರು ನದಿಗೆ ಹೋಗುತ್ತದೆ, ಆ ನೀರನ್ನು ಶುದ್ಧಮಾಡುವ ವಿದ್ಯೆ ಕಲಿಯಬೇಕಾಗಿದೆ” ಎಂದು ಪಂಚಗಂಗೆಯ ದಂಡೆಯ ಹುಡುಗಿ ಹೇಳಿದರೆ ಅದಕ್ಕಿಂತ ಒಳ್ಳೆಯ ಉತ್ತರವನ್ನು ಯಾವ ದಲ್ಲಾಳಿಯೂ ಬರೆದುಕೊಡಲಾರ.

ದಲ್ಲಾಳಿಯ ಮಾತು

ಕೊಲ್ಹಾಪುರ, ಸಾಂಗಲಿ, ಬೆಳಗಾವಿಗಳಲ್ಲಿ ‘ಪರದೇಶ ಶಿಕ್ಷಣ ಸಲಹೆಗಾರ’ರ ಫಲಕಗಳು ಇಂದು ಬೇಕಾದಷ್ಟಿವೆ. ಅವರಲ್ಲಿ ಪ್ರಾಮಾಣಿಕರಿಲ್ಲವೆಂದಲ್ಲ. ಆದರೆ ಒಂದು ಮಾತು ನೆನಪಿರಲಿ: ಹಲವು ವಿಶ್ವವಿದ್ಯಾಲಯಗಳು ತಮಗೆ ವಿದ್ಯಾರ್ಥಿಗಳನ್ನು ತಂದುಕೊಡುವ ಸಲಹೆಗಾರರಿಗೆ ಕಮಿಶನ್ ಕೊಡುತ್ತವೆ. ಆದುದರಿಂದ ಅವರು ಹೊಗಳುವ ವಿಶ್ವವಿದ್ಯಾಲಯ ನಿಮ್ಮ ಮಗುವಿಗೆ ತಕ್ಕದ್ದೋ ಅವರ ಕಮಿಶನ್ನಿಗೆ ತಕ್ಕದ್ದೋ ಎಂದು ವಿಚಾರಿಸಬೇಕು. 2023ರಲ್ಲಿ ಕೆನಡಾದಲ್ಲಿ ಓದು ಮುಗಿಸಿ ಕೆಲಸಕ್ಕಿದ್ದ ಎಷ್ಟೋ ಭಾರತೀಯ ವಿದ್ಯಾರ್ಥಿಗಳಿಗೆ ದೇಶ ಬಿಡಬೇಕಾದೀತೆಂಬ ನೋಟೀಸು ಬಂದಿತು. ವರ್ಷಗಳ ಹಿಂದೆ ದಲ್ಲಾಳಿ ಅವರ ಅರ್ಜಿಗೆ ಲಗತ್ತಿಸಿದ್ದ ಕಾಲೇಜಿನ ಪ್ರವೇಶಪತ್ರಗಳೇ ನಕಲಿಯಾಗಿದ್ದವು. ಅರ್ಜಿಯ ಕೆಳಗೆ ಸಹಿ ಮಾಡಿದವನು ವಿದ್ಯಾರ್ಥಿ; ಕಾಯದೆ ಮೊದಲು ಹಿಡಿಯುವುದು ಅವನನ್ನೇ.

ಹಣ ಕೊಡದೆ ತಿಳಿದುಕೊಳ್ಳುವ ದಾರಿಗಳೂ ಇವೆ. ಅಮೇರಿಕೆಯ ಬಗೆಗೆ ‘ಎಜ್ಯುಕೇಶನ್ ಯು.ಎಸ್.ಎ.’, ಬ್ರಿಟನ್ನಿನ ಬಗೆಗೆ ಬ್ರಿಟಿಷ್ ಕೌನ್ಸಿಲ್, ಜರ್ಮನಿಯ ಬಗೆಗೆ ‘ಡಿ.ಎ.ಎ.ಡಿ.’, ಫ್ರಾನ್ಸಿನ ಬಗೆಗೆ ‘ಕ್ಯಾಂಪಸ್ ಫ್ರಾನ್ಸ್’ ಮಾಹಿತಿ ಒದಗಿಸುತ್ತವೆ. ಶಿಷ್ಯವೃತ್ತಿಗಳನ್ನೂ ಮರೆಯಬಾರದು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮಹಾರಾಷ್ಟ್ರ ಸರಕಾರ ಕೊಡುವ ಪರದೇಶ ಶಿಷ್ಯವೃತ್ತಿಗೆ ಶಾಹು ಮಹಾರಾಜರ ಹೆಸರನ್ನೇ ಇಟ್ಟಿದೆ. ಕೇಂದ್ರ ಸರಕಾರದ ರಾಷ್ಟ್ರೀಯ ಸಾಗರೋತ್ತರ ಶಿಷ್ಯವೃತ್ತಿ ಬೇರೆಯೇ ಇದೆ. ಪಾವಟೆಯವರ ಹೆಸರಿನ ಫೆಲೋಶಿಪ್ಪಿನ ಮೇಲೆ ಕೇಂಬ್ರಿಜ್ಜಿಗೆ ಹೋದವರೂ ಇದ್ದಾರೆ.

ವೈದ್ಯರಾಗಲು ಹೊರಟವರು

ವೈದ್ಯಕೀಯ ಶಿಕ್ಷಣಕ್ಕಾಗಿ ರಶಿಯ, ಜಾರ್ಜಿಯ, ಕಿರ್ಗಿಸ್ತಾನ ಮೊದಲಾದ ಕಡೆ ಹೋಗುವವರ ವಿಷಯವನ್ನು ಬೇರೆಯಾಗಿ ಹೇಳಬೇಕು. ಅಲ್ಲಿ ವೀಸಾ ಅಷ್ಟು ಕಠಿಣವಲ್ಲ. ಕಠಿಣವಾದುದು ಮರಳಿ ಬಂದ ಮೇಲಿನದು. 2021ರ ನವೆಂಬರಿನ ನಿಯಮಗಳಂತೆ ಅಭ್ಯಾಸಕ್ರಮ ಇಂಗ್ಲಿಷಿನಲ್ಲಿರಬೇಕು, ಕನಿಷ್ಠ 54 ತಿಂಗಳಿನದಾಗಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು. ಹೊರಡುವ ಮೊದಲು ‘ನೀಟ್’ ಪರೀಕ್ಷೆಯಲ್ಲಿ ಅರ್ಹತೆ ಪಡೆದಿರಬೇಕು. ಬಂದಮೇಲೆ ಇಲ್ಲಿಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆರು ವರ್ಷದ ಓದು ಇಲ್ಲಿ ನಡೆಯದ ನಾಣ್ಯವಾಗುತ್ತದೆ.

2022ರ ಫೆಬ್ರವರಿಯಲ್ಲಿ ಯುಕ್ರೇನಿನ ಯುದ್ಧ ಆರಂಭವಾದಾಗ ಸಾವಿರಾರು ಭಾರತೀಯ ವಿದ್ಯಾರ್ಥಿಗಳು ನೆಲಮಾಳಿಗೆಗಳಲ್ಲಿ ಅಡಗಿ ಕುಳಿತರು. ಹಾವೇರಿ ಜಿಲ್ಲೆಯ ಚಳಗೇರಿಯ ಒಬ್ಬ ವಿದ್ಯಾರ್ಥಿ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಮಡಿದನು. ‘ಆಪರೇಶನ್ ಗಂಗಾ’ದ ವಿಮಾನಗಳಲ್ಲಿ ಮರಳಿದವರ ಅರ್ಧ ಉಳಿದ ಓದಿನ ಚಿಂತೆ ಮುಂದೆ ಎಷ್ಟೋ ಕಾಲ ಮನೆಮನೆಗಳಲ್ಲಿ ಉಳಿಯಿತು. ದೇಶವನ್ನು ಆರಿಸುವಾಗ ಫೀ ಎಷ್ಟು ಕಡಮೆ ಎಂಬುದೊಂದನ್ನೇ ನೋಡಬಾರದೆಂಬ ಪಾಠ ಬಹಳ ದುಬಾರಿಯಾಗಿ ಬಂದಿತು.

ಆ ಮನೆಯ ಕತೆ

ಮತ್ತೆ ನಮ್ಮ ನೆರೆಯವರ ವಿಷಯ. ಮೊದಲ ಅರ್ಜಿಯ 524 ಪೌಂಡು ಶುಲ್ಕ, ಸುಮಾರು ಅರುವತ್ತು ಸಾವಿರ ರೂಪಾಯಿ, ಮುಳುಗಿತು. ಆರೋಗ್ಯ ಸೇವೆಗಾಗಿ ಕಟ್ಟಿದ್ದ 1,164 ಪೌಂಡು ಮರಳಿ ಬಂದಿತು. ಸಪ್ಟೆಂಬರಿನ ಪ್ರವೇಶ ತಪ್ಪಿತು. ವಿಶ್ವವಿದ್ಯಾಲಯ ಜನವರಿಯ ತಂಡಕ್ಕೆ ಬರಲು ಒಪ್ಪಿತು.

ಇನ್ನು ಕಾಕಾನ ಹಣ. ಅದನ್ನು ಅಣ್ಣನ ಖಾತೆಗೆ ಬರೆದುಕೊಡಬೇಕಾಗಿತ್ತು. ಹತ್ತಾರು ವರ್ಷ ಒಂದೇ ಒಲೆಯ ಅನ್ನ ಉಂಡವರಿಗೂ ಇದು ಸುಲಭದ ಮಾತಲ್ಲ. ಕಾಕಾನಿಗೂ ಇಬ್ಬರು ಮಕ್ಕಳು, ಅವರ ಓದೂ ಮುಂದಿದೆ. ಒಂದು ರಾತ್ರಿ ಆ ಮನೆಯವರೆಲ್ಲ ಕೂಡಿದ್ದಾಗ ನನ್ನನ್ನೂ ಕರೆದಿದ್ದರು. ಯಾರೂ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಹುಡುಗಿಯೇ, “ಕಾಕಾ, ನೀವು ಕೊಡೂದು ಕಾಣಿಕಿ ಅಲ್ಲ, ಸಾಲ ಅಂತ ಬರೀರಿ. ನಾ ಸಹಿ ಮಾಡ್ತೀನಿ” ಎಂದಳು. ಆತ ನಕ್ಕು, “ಸಹಿ ಬ್ಯಾಡವ್ವಾ. ನಿನ್ನ ತಮ್ಮನ ಕಾಲೇಜಿನ ಫೀ ನೀ ಕೊಡು, ಸಾಕು” ಎಂದ. ಹಾಗಿದ್ದರೂ ನಾನು ಹಟ ಹಿಡಿದು ಒಂದು ಕಾಗದ ಬರೆಯಿಸಿದೆ. ಹಣದ ವಿಷಯದಲ್ಲಿ ಅಣ್ಣತಮ್ಮಂದಿರ ನಡುವೆಯೂ ಬರವಣಿಗೆ ಇರುವುದು ಪ್ರೀತಿಗೇ ಕ್ಷೇಮ. ಆದರೆ ಅದು ಕೈಗಡವಾಗಿರಲಿಲ್ಲ. ವೀಸಾ ಬಂದ ಮರುದಿನ ಮರಳುವ ಹಣವೂ ಅಲ್ಲ. ಫೀಗೂ ಊಟಕ್ಕೂ ಅವಳೇ ಬಳಸತಕ್ಕ ಹಣವೆಂದು ಆ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಖಾತೆಗೆ ಹಣ ಬಂದ ದಿನದಿಂದ 28 ದಿನ ಎಣಿಸುವುದು ಆ ಮನೆಯ ನಿತ್ಯವಿಧಿಯಾಯಿತು. ಜನನ ದಾಖಲೆಯಲ್ಲಿ ತಂದೆಯ ಹೆಸರಿನ ಕಾಗುಣಿತ ಬ್ಯಾಂಕಿನ ಪುಸ್ತಕಕ್ಕಿಂತ ಬೇರೆಯಾಗಿತ್ತು. ಅದನ್ನೂ ಈ ನಡುವೆ ಸರಿಪಡಿಸಿಕೊಂಡರು. ಅಷ್ಟರಲ್ಲಿ ನವೆಂಬರ್ 11 ದಾಟಿತು. ಮೊದಲ ಅರ್ಜಿಯ ಕಾಲಕ್ಕೆ ಲಂಡನ್ನಿನ ಹೊರಗೆ ಒಂಬತ್ತು ತಿಂಗಳಿಗೆ 10,224 ಪೌಂಡು ಸಾಕಾಗಿತ್ತು. ಈಗ 10,539 ಬೇಕು. ಆ 315 ಪೌಂಡುಗಳ ಅಂತರ ಹುಡುಗಿಯ ಕಣ್ಣಿಗೆ ಮೊದಲೇ ಬಿದ್ದಿತ್ತು. ತಂದೆ ಸ್ವಲ್ಪ ಹೆಚ್ಚೇ ಇರಿಸಿದ್ದರು. ಡಿಸೆಂಬರಿನಲ್ಲಿ ವೀಸಾ ಬಂದಿತು.

ಆದರೆ ತಡವಾದುದಕ್ಕೆ ತೆರಬೇಕಾದ ಬೆಲೆ ಶುಲ್ಕಕ್ಕೇ ಮುಗಿಯಲಿಲ್ಲ. ಓದಿದ ಮೇಲೆ ಬ್ರಿಟನ್ನಿನಲ್ಲಿ ಇದ್ದು ಕೆಲಸ ಮಾಡಲು ಕೊಡುವ ಅವಕಾಶ ಎರಡು ವರ್ಷದ್ದು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ, ಪಿಎಚ್.ಡಿ. ಪದವೀಧರರ ಹೊರತು, ಅದನ್ನು 18 ತಿಂಗಳಿಗೆ ಇಳಿಸುವುದೆಂದು ನಿರ್ಧಾರವಾಗಿದೆ. 2025ರ ಸಪ್ಟೆಂಬರಿನಲ್ಲಿ ಹೋಗಿದ್ದರೆ ಅವಳು 2026ರಲ್ಲಿಯೇ ಆ ಅರ್ಜಿ ಹಾಕಬಹುದಾಗಿತ್ತು. ಜನವರಿಯಲ್ಲಿ ಹೋದವಳ ಓದು ಮುಗಿಯುವುದು ಗಡುವು ದಾಟಿದ ಮೇಲೆ. ಯಾರ ಖಾತೆಯೆಂದು ಮೊದಲೇ ಒಂದು ಮಾತು ಕೇಳದೆ ಹೋದುದರಿಂದ ಅವಳ ದುಡಿಮೆಯ ಆರು ತಿಂಗಳು ಕಳೆದವು. ಸಾಲ ತೀರಿಸಬೇಕಾದ ಮನೆಗೆ ಆರು ತಿಂಗಳು ಸಣ್ಣ ಅವಧಿಯಲ್ಲ.

ಕಳುಹಿಸಲು ನಾವು ಹಾತಕಣಂಗಲೆಯ ರೈಲು ನಿಲ್ದಾಣದವರೆಗೆ ಹೋಗಿದ್ದೆವು. ತಾಯಿ ಕಟ್ಟಿಕೊಟ್ಟ ಶೇಂಗಾದ ಚಟ್ನಿಪುಡಿಯ ಗಂಟನ್ನು ಹುಡುಗಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ಕಾಗದಪತ್ರದ ಫೈಲನ್ನು ಮಾತ್ರ ಕೈಯಿಂದ ಬಿಡಲಿಲ್ಲ. ಮರಳಿ ಬರುವಾಗ ಕಾಕಾ ನನ್ನನ್ನು ಕೇಳಿದ: “ಮಾಸ್ತರ, ನಮ್ಮ ಹುಡುಗ ಈಗ ಒಂಬತ್ತನೇತ್ತ ಅದಾನ. ಅವನ ದಾಖಲೆ ಎಲ್ಲಾ ಈಗ ಒಂದ ಸಲ ನೋಡಿಬಿಡೂಣೇನ್ರಿ?”

ಭಾನುವಾರ ಬರಲು ಹೇಳಿದ್ದೇನೆ. ನಮ್ಮ ಓದುಗರೂ ತಮ್ಮ ಮನೆಯ ಪೆಟ್ಟಿಗೆಯಲ್ಲಿರುವ ಜನನ ದಾಖಲೆ, ಶಾಲೆಯ ದಾಖಲೆ, ಬ್ಯಾಂಕಿನ ಪುಸ್ತಕಗಳನ್ನು ಈ ವಾರ ಒಮ್ಮೆ ಹೊರಗೆ ತೆಗೆದು, ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಲಿ. ಮಗು ಪರದೇಶಕ್ಕೆ ಹೋಗಲಿ ಬಿಡಲಿ, ಆ ಒಂದು ತಾಸಿನ ಕೆಲಸ ವ್ಯರ್ಥವಾಗದು.